ಹಳ್ಳ ಅಂದರೆ ಗುಂಡಿಯಲ್ಲ

ಕಳೆದ ಭಾನುವಾರ ನೀವಿಬ್ಬರೂ ಬಂದು ಹೋದ ಮೇಲೆ ನನಗೆ ಸ್ವಲ್ಪ ನಾಚಿಕೆಯಾಯಿತು. ಒಬ್ಬಳು ಹುಲ್ಲಹಳ್ಳಿ ಕಡೆಯವಳು, ನಂಜನಗೂಡಿನಲ್ಲಿ ಬಿ.ಎ. ಓದುತ್ತಿರುವವಳು. ಇನ್ನೊಬ್ಬ ಬನ್ನೂರಿನವನು, ತಿ. ನರಸೀಪುರದ ಕಾಲೇಜಿಗೆ ಹೋಗುವವನು. ಇಬ್ಬರದೂ ಆಪ್ಷನಲ್ ಇಂಗ್ಲಿಷ್. ‘ಸಾರ್, ಇದನ್ನ ಓದಿದೋರಿಗೆ ಮೇಷ್ಟ್ರ ಕೆಲಸ ಬಿಟ್ರೆ ಇನ್ನೇನೂ ಇಲ್ವಾ?’ ಎಂದು ಕೇಳಿದಿರಿ. ನಾನು ಕಾಫಿ ಲೋಟ ಕೆಳಗಿಟ್ಟು, ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದೆ. ಎಂ.ಎ. ಮಾಡಿ, ನೆಟ್ಟೋ ಕೆ-ಸೆಟ್ಟೋ ಪಾಸು ಮಾಡಿಕೊಳ್ಳಿ, ಅದಾಗದಿದ್ದರೆ ಬಿ.ಎಡ್. ಇದ್ದೇ ಇದೆ. ನೀವು ತಲೆಯಾಡಿಸಿ ಬಸ್ಸಿಗೆ ಹೊರಟಿರಿ. ಆ ತಲೆಯಾಡಿಸಿದ ರೀತಿ ನನಗೆ ಗೊತ್ತು. ಹುಳಿಯಾದ ಮೊಸರನ್ನು ಬೇಡ ಎನ್ನಲಾಗದೆ ಬಡಿಸಿಕೊಳ್ಳುವವರು ಹಾಗೆ ತಲೆಯಾಡಿಸುತ್ತಾರೆ.

ನಾನು ಹೇಳಿದ್ದು ಸುಳ್ಳೇನಲ್ಲ. ಆದರೆ ಮೇಷ್ಟ್ರ ಕೆಲಸದ ಸರದಿ ಎಷ್ಟು ಉದ್ದ, ಅತಿಥಿ ಉಪನ್ಯಾಸಕ ಎಂಬ ಹೆಸರಿನಲ್ಲಿ ಎಷ್ಟು ಜನ ವರ್ಷ ವರ್ಷವೂ ‘ಅತಿಥಿ’ಗಳಾಗಿಯೇ ಉಳಿದುಬಿಟ್ಟಿದ್ದಾರೆ ಎನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ತರಗತಿಯ ಗೋಡೆಯಾಚೆ ಏನಿದೆ ಎಂದು ಕೇಳಿದ ಮಕ್ಕಳಿಗೆ ಮತ್ತೆ ತರಗತಿಯ ಬಾಗಿಲನ್ನೇ ತೋರಿಸಿದೆನಲ್ಲ ಎಂದು ಬೇಜಾರಾಯಿತು. ಅದಕ್ಕೇ ಕೂತು ಈ ಕಾಗದ ಬರೆಯುತ್ತಿದ್ದೇನೆ.

ಮೊದಲು ನನ್ನದೇ ಒಂದು ಪೆದ್ದುತನದ ಕಥೆ ಕೇಳಿ. ಎಂ.ಎ. ಮುಗಿಸಿ ಕೆಲಸವಿಲ್ಲದೆ ಓಡಾಡುತ್ತಿದ್ದ ದಿನಗಳು. ಪರಿಚಯದ ವಕೀಲರೊಬ್ಬರು ಒಂದು ಹಳೆಯ ಕ್ರಯಪತ್ರ ಕೊಟ್ಟು, ‘ಇಂಗ್ಲಿಷ್‌ಗೆ ಮಾಡಿಕೊಡಪ್ಪ, ಪುಟಕ್ಕಿಷ್ಟು ಅಂತ ಕೊಡ್ತೀನಿ’ ಎಂದರು. ಷೇಕ್ಸ್‌ಪಿಯರ್ ಓದಿದವನಿಗೆ ಕ್ರಯಪತ್ರ ಯಾವ ಲೆಕ್ಕ ಎಂದು ರಾತ್ರಿ ಕೂತು ಬರೆದು ಬೆಳಿಗ್ಗೆ ಒಪ್ಪಿಸಿದೆ. ಅವರು ಕನ್ನಡಕ ಏರಿಸಿ ಓದುತ್ತಾ ಓದುತ್ತಾ ಚಕ್ಕುಬಂದಿಗೆ ಬಂದರು. ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ ಬರೆದಿರುತ್ತಾರಲ್ಲ, ಅದು. ಪೂರ್ವಕ್ಕೆ ಇದೇ ನಂಬರಿನ ಉಳಿಕೆ ಜಮೀನು, ಉತ್ತರಕ್ಕೆ ಓಣಿ, ಪಶ್ಚಿಮಕ್ಕೆ ಹಳ್ಳ. ‘ಹಳ್ಳ’ಕ್ಕೆ ನಾನು ‘ಪಿಟ್’ ಎಂದು ಬರೆದಿದ್ದೆ. ವಕೀಲರು ನಗಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ‘ನೋಡಪ್ಪಾ, ಇದು ನೀರು ಹರಿಯೋ ಹಳ್ಳ. ಹರಿಯೋ ಹಳ್ಳ ಬಿ ಖರಾಬು, ಸರ್ಕಾರದ್ದು, ಯಾರೂ ಒತ್ತುವರಿ ಮಾಡೋ ಹಾಗಿಲ್ಲ. ನೀನು ಅದನ್ನ ಗುಂಡಿ ಮಾಡಿಬಿಟ್ರೆ ನಾಳೆ ಪಕ್ಕದೋನು ಮಣ್ಣು ತುಂಬಿ ರಾಗಿ ಬಿತ್ತಿಬಿಡ್ತಾನೆ’ ಎಂದರು.

ಹಳ್ಳ ಎಂದರೆ ಎರಡೂ ಹೌದು. ಮಕ್ಕಳು ಆಟಕ್ಕೆ ತೋಡುವುದೂ ಹಳ್ಳ, ಮಳೆಗಾಲದಲ್ಲಿ ಊರ ಮುಂದೆ ಹರಿಯುವುದೂ ಹಳ್ಳ. ಯಾವುದು ಎಲ್ಲಿ ಎನ್ನುವುದು ನಿಘಂಟಿನಲ್ಲಿ ಸಿಗುವುದಿಲ್ಲ, ಊರಿನಲ್ಲಿ ಸಿಗುತ್ತದೆ. ನನಗೆ ಊರೂ ಗೊತ್ತಿತ್ತು, ಹಳ್ಳವೂ ಗೊತ್ತಿತ್ತು, ಅದರಲ್ಲಿ ಏಡಿ ಹಿಡಿದೇ ಬೆಳೆದವನು. ಇಂಗ್ಲಿಷ್ ಬರೆಯಲು ಕೂತ ತಕ್ಷಣ ಊರನ್ನು ಮರೆತಿದ್ದೆ, ಅಷ್ಟೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ನಿಮ್ಮ ಬಂಡವಾಳ ಇಂಗ್ಲಿಷ್ ಒಂದೇ ಅಲ್ಲ. ಬರೀ ಇಂಗ್ಲಿಷಿನ ಲೆಕ್ಕಕ್ಕೆ ಬಂದರೆ ಬೆಂಗಳೂರಿನ ಕಾನ್ವೆಂಟಿನಲ್ಲಿ ಎಲ್‌ಕೆಜಿಯಿಂದ ಓದಿದ ಹುಡುಗಿ ನಿಮಗಿಂತ ಎರಡು ಹೆಜ್ಜೆ ಮುಂದಿರುತ್ತಾಳೆ. ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಆದರೆ ತರಿ, ಖುಷ್ಕಿ, ಬಾಗಾಯ್ತು ಎಂದರೆ ಅವಳು ಕಣ್ಣು ಪಿಳಿಪಿಳಿ ಬಿಡುತ್ತಾಳೆ. ನಿಮ್ಮಿಬ್ಬರಿಗೆ ಗದ್ದೆ, ಹೊಲ, ತೋಟ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷಿನ ದಡವೂ ಈ ಊರುಗಳ ಕನ್ನಡದ ದಡವೂ ಕೂಡುವ ಜಾಗದಲ್ಲಿ ನಿಮಗೆ ಕೆಲಸವಿದೆ. ಇಲ್ಲಿ ತ್ರಿವೇಣಿ ಸಂಗಮದ ಹೋಲಿಕೆ ಕೊಡುವ ಆಸೆ ನನಗೂ ಬಂತು. ಆದರೆ ತಿ. ನರಸೀಪುರದ ಕಾಲೇಜು ಸಮಾರಂಭಗಳಲ್ಲಿ ಅದಿಲ್ಲದ ಭಾಷಣವನ್ನು ನಾನು ಕೇಳಿಲ್ಲ. ಬಿಟ್ಟುಬಿಡೋಣ.

ಈ ಕಾಗದಪತ್ರದ ಅನುವಾದ ಸಣ್ಣ ಕೆಲಸವಲ್ಲ. ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಭಾಷೆ ಇಂಗ್ಲಿಷ್. ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಸಾಕ್ಷಿ ಹೇಳುವವರು, ದಾವೆ ಹೂಡುವವರು, ಅವರ ಕ್ರಯಪತ್ರ, ವಿಭಾಗಪತ್ರ, ವಂಶವೃಕ್ಷ ಎಲ್ಲ ಕನ್ನಡ. ಕೇಸು ದೆಹಲಿಯವರೆಗೆ ಹೋದರೆ ಈ ಕನ್ನಡದ ಕಾಗದಗಳಿಗೆಲ್ಲ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ಮಗ ಹೊರದೇಶಕ್ಕೆ ಓದಲು ಹೊರಟರೆ ಅಪ್ಪನ ಜಮೀನಿನ ಕಾಗದ, ಅವನ ಜನನ ಪತ್ರ ಎರಡಕ್ಕೂ ಅನುವಾದ ಬೇಕಾಗುತ್ತದೆ. ಈಗ ಆ ಕೆಲಸವನ್ನು ಎಷ್ಟೋ ಕಡೆ ಡಿಟಿಪಿ ಅಂಗಡಿಯವನು ಮೊಬೈಲಿನಲ್ಲಿ ಹಾಕಿ, ಬಂದದ್ದನ್ನು ಹಾಗೇ ಪ್ರಿಂಟು ಹೊಡೆದುಕೊಡುತ್ತಾನೆ. ಯಂತ್ರ ಬಂದ ಮೇಲೆ ಅನುವಾದಕರಿಗೆ ಏನು ಕೆಲಸ ಎಂದು ನೀನು ಕೇಳಿದೆಯಲ್ಲ, ಬನ್ನೂರಿನವನೇ. ಸುಪ್ರೀಂ ಕೋರ್ಟು ತೀರ್ಪುಗಳನ್ನು ಪ್ರಾದೇಶಿಕ ಭಾಷೆಗೆ ತರಲು 2019ರಲ್ಲೇ ‘ಸುವಾಸ್’ ಎಂಬ ತಂತ್ರಾಂಶ ತಂದಿತು. ಅಲ್ಲೂ ಯಂತ್ರ ಮಾಡಿದ್ದನ್ನು ಭಾಷೆಯೂ ಕಾನೂನೂ ಬಲ್ಲ ಮನುಷ್ಯರು ಕೂತು ತಿದ್ದಬೇಕು. ಯಂತ್ರ ವೇಗವಾಗಿ ಮಾಡುತ್ತದೆ, ನಿಜ. ಆದರೆ ಪಶ್ಚಿಮಕ್ಕಿರುವ ಹಳ್ಳದಲ್ಲಿ ನೀರು ಹರಿಯುತ್ತದೋ ಇಲ್ಲವೋ ಎಂದು ಅದು ಹೋಗಿ ನೋಡಿ ಬರುವುದಿಲ್ಲ. ನೀವು ಬೇಕಾದರೆ ಸೈಕಲ್ ತುಳಿದುಕೊಂಡು ಹೋಗಿ ನೋಡಬಹುದು. ಅದಕ್ಕೇ ಹೇಳುತ್ತೇನೆ, ರಜೆಯಲ್ಲಿ ಒಬ್ಬ ಒಳ್ಳೆಯ ವಕೀಲರ ಕಚೇರಿಯಲ್ಲಿ ಎರಡು ತಿಂಗಳು ಕೂತುಬನ್ನಿ. ಮೊದಲ ತಿಂಗಳು ದುಡ್ಡು ಕೇಳಬೇಡಿ, ಪದಗಳನ್ನು ಕೇಳಿ. ಎರಡನೇ ತಿಂಗಳು ದುಡ್ಡನ್ನೂ ಕೇಳಿ, ಸಂಕೋಚಪಡಬೇಡಿ.

ಆರ್.ಕೆ. ನಾರಾಯಣ್ ನಿಮ್ಮ ಸಿಲಬಸ್ಸಿನಲ್ಲಿ ಬಂದೇ ಇರುತ್ತಾರೆ. ಅವರು ಮೈಸೂರಿನಲ್ಲಿ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾದರು, ಅದೂ ಇಂಗ್ಲಿಷಿನಲ್ಲಿ! ಮುಂದೆ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಚನ್ನಪಟ್ಟಣದಲ್ಲಿ ಮೇಷ್ಟ್ರಾಗಲು ಹೋಗಿ, ಒಗ್ಗದೆ ವಾಪಸು ಬಂದರು. ನಿಮಗೆ ಯಾರೂ ಹೇಳದ ಭಾಗ ಆಮೇಲಿನದು. ಮದ್ರಾಸಿನ ‘ಜಸ್ಟಿಸ್’ ಪತ್ರಿಕೆಗೆ ಅವರು ಮೈಸೂರಿನ ವರದಿಗಾರರಾಗಿದ್ದರು. ಅಚ್ಚಾದ ಸುದ್ದಿಯನ್ನು ಅಂಗುಲದಲ್ಲಿ ಅಳೆದು ದುಡ್ಡು ಕೊಡುತ್ತಿದ್ದರು. ಆ ಅಂಗುಲಗಳಿಗಾಗಿ ಅವರು ಕೋರ್ಟು, ಮಾರ್ಕೆಟ್ಟು, ಸಭೆ ಎಂದು ಊರೆಲ್ಲ ಸುತ್ತಿದರು. ಮಾಲ್ಗುಡಿಯ ವಕೀಲರು, ಮುದ್ರಣಾಲಯದವರು, ಸಾಲ ಕೊಡುವವರು ಎಲ್ಲಿಂದ ಬಂದರು ಎಂದುಕೊಂಡಿರಿ? 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬಗ್ಗೆ ಹತ್ತು ಅಂಕದ ಪ್ರಶ್ನೆಗೆ ಉತ್ತರ ಬರೆಯುವ ನಮ್ಮ ಹುಡುಗರು, ಅದನ್ನು ಬರೆದವನು ಸಂತೆಬೀದಿಯಲ್ಲಿ ಪೆನ್ಸಿಲು ಹಿಡಿದು ನಿಂತಿದ್ದನ್ನು ಮಾತ್ರ ನೆನೆಯುವುದಿಲ್ಲ. ಮೈಸೂರಿನಲ್ಲಿ ‘ಸ್ಟಾರ್ ಆಫ್ ಮೈಸೂರು’ 1978ರಿಂದ ಸಂಜೆ ಪತ್ರಿಕೆಯಾಗಿ ಬರುತ್ತಿದೆ. ಅದಕ್ಕೆ ಓದುಗರ ಪತ್ರ ಬರೆಯಿರಿ. ನಿಮ್ಮೂರಿನ ಬಸ್ ನಿಲ್ದಾಣದ ಶೌಚಾಲಯದ ವಿಷಯವೇ ಆಗಲಿ, ನೂರೈವತ್ತು ಪದಗಳಲ್ಲಿ ಚೊಕ್ಕವಾಗಿ. ಅಚ್ಚಾದ ದಿನ ಅದನ್ನು ಕತ್ತರಿಸಿ, ನಿಮ್ಮದು ಮೂವತ್ತು ಪದ ಏಕೆ ಹಾರಿತು ಎಂದು ನೋಡಿ. ಮೂರು ವರ್ಷ ನಾವು ಕಲಿಸುವ ಕಾಂಪೊಸಿಷನ್ನಿಗಿಂತ ಆ ಹಾರಿಹೋದ ಮೂವತ್ತು ಪದ ಹೆಚ್ಚು ಕಲಿಸುತ್ತವೆ.

ಹುಲ್ಲಹಳ್ಳಿಯವಳೇ, ನಿನಗೊಂದು ಪ್ರತ್ಯೇಕ ಮಾತು. ‘ನಮ್ಮನೇಲಿ ಮೈಸೂರಿಗೇ ಕಳಿಸಲ್ಲ ಸಾರ್’ ಎಂದೆಯಲ್ಲ. ನಂಜನಗೂಡು ತಿರುಮಲಾಂಬಾ ಎಂಬ ಹೆಸರು ಕೇಳಿದ್ದೀಯಾ? 1887ರಲ್ಲಿ ಹುಟ್ಟಿದವರು. ಬಾಲವಿಧವೆ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಇದೇ ನಂಜನಗೂಡಿನ ಮನೆಯಲ್ಲಿ ಕೂತು ಕಾದಂಬರಿ ಬರೆದರು, ‘ಸತೀ ಹಿತೈಷಿಣಿ’ ಗ್ರಂಥಮಾಲೆ ನಡೆಸಿದರು, ‘ಕರ್ನಾಟಕ ನಂದಿನಿ’ ಪತ್ರಿಕೆ ತಂದರು. ಆಮೇಲೆ ದಶಕಗಟ್ಟಲೆ ಜನ ಅವರನ್ನು ಮರೆತೇಬಿಟ್ಟರು. 1982ರಲ್ಲಿ ತೀರಿಕೊಂಡರು. 1991ರಲ್ಲಿ ಸೂಸಿ ತಾರು ಮತ್ತು ಕೆ. ಲಲಿತಾ ಅವರು ಭಾರತೀಯ ಮಹಿಳಾ ಬರವಣಿಗೆಯ ದೊಡ್ಡ ಇಂಗ್ಲಿಷ್ ಸಂಕಲನ ತಂದಾಗ ಅದರಲ್ಲಿ ತಿರುಮಲಾಂಬಾ ಅವರ ಬರಹವೂ ಸೇರಿತು. ನಮ್ಮೂರ ಹೆಣ್ಣುಮಗಳನ್ನು ಇಂಗ್ಲಿಷ್ ಓದುವ ಲೋಕಕ್ಕೆ ತೋರಿಸಿದವರು ಹೈದರಾಬಾದಿನಲ್ಲಿ ಕೂತ ಇಬ್ಬರು ಹೆಣ್ಣುಮಕ್ಕಳು. ನಾನು ಇದೇ ಊರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ, ಒಂದು ಪುಟವನ್ನೂ ಅನುವಾದ ಮಾಡಲಿಲ್ಲ.

ಇನ್ನು ಸೋಮನಾಥಪುರ. ಬನ್ನೂರಿನಿಂದ ಎಷ್ಟು ದೂರ? ಸೈಕಲ್ಲಿನ ದಾರಿ. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಆ ಕೇಶವ ದೇವಾಲಯ 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೋ ಪಟ್ಟಿ ಸೇರಿತು. ಹೊರಗಿನವರು ಬರುತ್ತಾರೆ. ಅವರಿಗೆ ಬೇಕಾದದ್ದು ಇಸವಿಗಳ ಪಟ್ಟಿಯಲ್ಲ, ಅದು ಅವರ ಮೊಬೈಲಿನಲ್ಲೇ ಇರುತ್ತದೆ. ಹೊರಗೋಡೆಯ ಮೂರ್ತಿಗಳ ಬುಡದಲ್ಲಿ ಬಗ್ಗಿ ನೋಡಿದರೆ ‘ಮಲ್ಲಿತಮ್ಮ’ ಎಂದು ಶಿಲ್ಪಿಯ ಹೆಸರು ಕೊರೆದಿರುವುದು ಕಾಣುತ್ತದೆ. ಅವರನ್ನು ಅಲ್ಲಿ ಬಗ್ಗಿಸಿ, ಆ ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳಿ, ಇದು ಈಗಲೂ ನಮ್ಮೂರಲ್ಲಿ ಇರಬಹುದಾದಂಥ ಹೆಸರು ಎನ್ನಿ. ಅವರ ಮುಖ ನೋಡಿ ಆಮೇಲೆ. ಏಳುನೂರು ವರ್ಷದ ಹಿಂದಿನ ಕಲ್ಲಿನ ಕನ್ನಡವನ್ನು ಬೆರಳಿಟ್ಟು ತೋರಿಸಿ ಅದೇ ಉಸಿರಿನಲ್ಲಿ ಇಂಗ್ಲಿಷಿನಲ್ಲಿ ವಿವರಿಸಬಲ್ಲ ಹುಡುಗ ನೀನಾಗಬಾರದೇಕೆ? ಗೈಡ್ ಕೆಲಸಕ್ಕೆ ಪ್ರವಾಸೋದ್ಯಮ ಇಲಾಖೆಯ ತರಬೇತಿ, ಗುರುತಿನ ಚೀಟಿ ಇವೆ. ಆ ದಾರಿಯಲ್ಲೇ ಹೋಗು. ಚೀಟಿಯಿಲ್ಲದೆ ಪ್ರವಾಸಿಗರ ಹಿಂದೆ ಬಿದ್ದು ಮರ್ಯಾದೆ ಕಳೆದುಕೊಳ್ಳಬೇಡ. ಒಂದೇ ಎಚ್ಚರಿಕೆ, ಗೊತ್ತಿಲ್ಲದ್ದನ್ನು ಕಟ್ಟಿ ಹೇಳಬೇಡ. ಗರ್ಭಗುಡಿಯ ಮೂಲ ಕೇಶವ ಎಲ್ಲಿ ಹೋದ ಎಂದು ಕೇಳಿದರೆ, ಇಲ್ಲ, ಕಳೆದುಹೋಗಿದೆ ಎನ್ನು. ಸಾಕು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದವಾದೀತು, ಸಹಿಸಿಕೊಳ್ಳಿ.

ಎ.ಕೆ. ರಾಮಾನುಜನ್ 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಓದಿದವರು. ಅಂದರೆ ನಿಮ್ಮದೇ ಜಾತಿ, ಆಪ್ಷನಲ್ ಇಂಗ್ಲಿಷ್. ಬೆಳಗಾವಿಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದಾಗ ಪಾಠ ಮುಗಿಸಿ ಅವರು ಏನು ಮಾಡುತ್ತಿದ್ದರು ಗೊತ್ತೆ? ಜನರ ಬಾಯಿಂದ ಕಥೆ ಕೇಳಿ ಬರೆದುಕೊಳ್ಳುತ್ತಿದ್ದರು. ಹಾಗೆ ಅವರು ಇಂಗ್ಲಿಷಿಗೆ ತಂದ ಒಂದು ಕನ್ನಡ ಕಥೆ ಇದೆ. ಒಬ್ಬ ಹೆಂಗಸಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದವು. ಯಾರಿಗೂ ಹೇಳದೆ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ಅವಕ್ಕೆ ಉಸಿರುಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಎರಡೂ ಹೊರಬಿದ್ದು, ಒಂದು ಜೋಡು ಕೆರವಾಗಿ ಬಾಗಿಲಲ್ಲಿ ಕೂತಿತು, ಇನ್ನೊಂದು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದು ನೋಡಿ, ಯಾರದ್ದಿದು ಎಂದು ಜಗಳ ತೆಗೆದ. ಇವಳಿಗೆ ಏನೂ ತಿಳಿಯದು. ಅವನು ಸಿಟ್ಟಿನಿಂದ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ಮನೆಮನೆಯ ದೀಪಗಳು ಆರಿದ ಮೇಲೆ ಅಲ್ಲಿ ಸೇರಿ ಹರಟುತ್ತವೆ. ಅವನ ಮನೆಯ ದೀಪ ತಡವಾಗಿ ಬಂದು ನಡೆದದ್ದನ್ನೆಲ್ಲ ಹೇಳಿತು. ಅವನು ಮನೆಗೆ ಓಡಿಬಂದು, ಎಲ್ಲೇ ನಿನ್ನ ಕಥೆ ಎಂದು ಕೇಳಿದರೆ ಅವಳಿಗೆ ಅದು ಮರೆತೇಹೋಗಿತ್ತು.

ದೇವನೂರ ಮಹಾದೇವರ ‘ಕುಸುಮಬಾಲೆ’ ಓದಿದ್ದೀರಲ್ಲ? ಇಲ್ಲದಿದ್ದರೆ ಈ ವಾರವೇ ಓದಿ. 1984ರಲ್ಲಿ ಬಂದದ್ದು, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು, ನಂಜನಗೂಡು ತಾಲ್ಲೂಕಿನ ಆಡುಮಾತಿನಲ್ಲೇ ಉಸಿರಾಡುವ ಪುಸ್ತಕ. ಅದರಲ್ಲಿ ಜೋತಮ್ಮಗಳು ಬರುತ್ತವೆ. ರಾತ್ರಿ ಸೇರಿ ಮಾತಾಡುವ ಮನೆಯ ದೀಪಗಳು! ಒಬ್ಬರು ಮೈಸೂರಿನಿಂದ ಶಿಕಾಗೊಗೆ ಹೋದ ಮೇಷ್ಟ್ರು, ಇನ್ನೊಬ್ಬರು ದೇವನೂರಿನವರು. ಇಬ್ಬರ ಪುಸ್ತಕಕ್ಕೂ ದೀಪ ನಡೆದುಬಂದದ್ದು ಅಜ್ಜಿಯರ ಬಾಯಿಂದ. ‘ಕುಸುಮಬಾಲೆ’ಯನ್ನು ಇಂಗ್ಲಿಷಿಗೆ ತರಲಾಗದು ಎಂದು ಮೇಷ್ಟ್ರುಗಳೆಲ್ಲ ಸ್ಟಾಫ್ ರೂಮಿನಲ್ಲಿ ತೀರ್ಪು ಕೊಟ್ಟಿದ್ದೆವು, ನಾನೂ ಸೇರಿ. ಸೂಸನ್ ಡೇನಿಯಲ್ ಹಟ ಹಿಡಿದು ತಂದರು. 2015ರಲ್ಲಿ ಪ್ರಕಟವಾಯಿತು.

ನಿಮ್ಮ ಅಜ್ಜಿಯರಿಗೆ ಎಷ್ಟು ಕಥೆ ಗೊತ್ತು? ನಿಮ್ಮ ಕೇರಿಗೆ ತಂಬೂರಿ ಹಿಡಿದು ಬರುವ ನೀಲಗಾರರು, ಕಂಸಾಳೆ ಹಿಡಿದು ಬರುವ ದೇವರಗುಡ್ಡರು ಹಾಡುವುದನ್ನು ಎಂದಾದರೂ ಬರೆದುಕೊಂಡಿದ್ದೀರಾ? ಹೆಬ್ಬಣಿ ಮಾದಯ್ಯನವರ ತಂಡ ಹಾಡಿದ ಮಲೆ ಮಾದೇಶ್ವರ ಕಾವ್ಯವನ್ನು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಇಂಗ್ಲಿಷಿಗೆ ತಂದರು, 2001ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಕಟಿಸಿತು. ಕೂತು ಮಾಡಿದರೆ ಆಗುವ ಕೆಲಸವೇ. ಮೊಬೈಲಿನಲ್ಲಿ ಧ್ವನಿ ಹಿಡಿಯಿರಿ, ಆದರೆ ಹಾಡುವವರನ್ನು ಕೇಳಿ ಹಿಡಿಯಿರಿ. ಅವರ ಹೆಸರು, ಊರು, ದಿನಾಂಕ ಬರೆದಿಡಿ. ದುಡ್ಡು ಬಂದರೆ ಅದರಲ್ಲಿ ಅವರದ್ದೂ ಪಾಲಿದೆ. ಮೊದಲ ಪುಟದಲ್ಲೇ ನಿಮಗೆ ‘ಒಕ್ಕಲು’ ಎಂಬ ಪದ ಎದುರಾಗುತ್ತದೆ. ಹಾಡಿನಲ್ಲಿ ಅದು ದೇವರಿಗೆ ನಡೆದುಕೊಳ್ಳುವ ಮನೆತನ. ಜಮೀನಿನ ಕಾಗದದಲ್ಲಿ ಅದೇ ಪದ ಗೇಣಿದಾರ. ನಿಮ್ಮ ಅಜ್ಜಿ ‘ಹತ್ತೊಕ್ಲು ಮನೆ ಊರು’ ಎಂದರೆ ಅದು ಕುಟುಂಬದ ಲೆಕ್ಕ. ಇಂಗ್ಲಿಷಿನಲ್ಲಿ ಇದಕ್ಕೆ ಒಂದು ಪದವಿಲ್ಲ, ಮೂರು ಬೇಕು. ಎಲ್ಲಿ ಯಾವುದು ಎಂದು ಹೇಳಬಲ್ಲವರು ನೀವು.

ಇದರಲ್ಲೆಲ್ಲ ಹೊಟ್ಟೆ ತುಂಬುತ್ತದೆಯೇ ಎಂದು ನಿಮ್ಮ ಮನೆಯಲ್ಲಿ ಕೇಳುತ್ತಾರೆ. ಕೇಳಬೇಕಾದ್ದೇ. ಬಾನು ಮುಷ್ತಾಕ್ ಅವರ ಕಥೆಗಳ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದಾಗ ಐವತ್ತು ಸಾವಿರ ಪೌಂಡಿನಲ್ಲಿ ಅರ್ಧ ಅನುವಾದಕಿ ದೀಪಾ ಭಾಸ್ತಿ ಅವರದ್ದಾಯಿತು. ಮಡಿಕೇರಿಯವರು. ಆದರೆ ಇದನ್ನು ಲಾಟರಿ ಟಿಕೇಟಿನ ಹಾಗೆ ನೋಡಬೇಡಿ. ಸಾಹಿತ್ಯದ ಅನುವಾದವೊಂದನ್ನೇ ನಂಬಿ ಸಂಸಾರ ಹೂಡಿದವರನ್ನು ನಾನು ಕಂಡಿಲ್ಲ. ಹಗಲು ಕ್ರಯಪತ್ರ, ರಾತ್ರಿ ಕಥೆ. ಹಾಗೆ ನಡೆಯುತ್ತದೆ.

ಕೈ ಪಳಗಿಸಲು ಜಾಗ ಬೇಕಾದರೆ, ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ‘ಸ್ಟೋರಿವೀವರ್’ ಇದೆ. ಮಕ್ಕಳ ಕಥೆಗಳನ್ನು ಯಾರು ಬೇಕಾದರೂ ಅನುವಾದ ಮಾಡಿ ಹಾಕಬಹುದು. ಮಕ್ಕಳ ಕಥೆ ಸುಲಭ ಎಂದುಕೊಂಡು ಹೋಗಿ, ಎಂಟು ಪದದ ವಾಕ್ಯಕ್ಕೆ ಒಂದು ಸಂಜೆ ಕಳೆದುಹೋಗುತ್ತದೆ. ಪುಸ್ತಕ ಹಿಡಿಯುವ ಮುನ್ನ ಹಕ್ಕಿನ ವಿಷಯ ತಿಳಿದಿರಿ. ಲೇಖಕ ತೀರಿಕೊಂಡು 60 ವರ್ಷ ಕಳೆಯುವವರೆಗೆ ವಾರಸುದಾರರ ಒಪ್ಪಿಗೆ ಬೇಕು. ತಿರುಮಲಾಂಬಾ ಅವರದ್ದಕ್ಕೆ 2042ರ ಕೊನೆಯವರೆಗೂ ಕೇಳಬೇಕು. 1930ರಲ್ಲಿ ತೀರಿಕೊಂಡ ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ಕ್ಕೆ ಯಾರನ್ನೂ ಕೇಳಬೇಕಿಲ್ಲ, ಹಳೇ ಮೈಸೂರಿನ ಮಾತು ಅದರಲ್ಲಿ ಭರ್ತಿ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇದೆ, ರಾಷ್ಟ್ರೀಯ ಅನುವಾದ ಮಿಷನ್ ಅಲ್ಲಿಂದಲೇ ನಡೆಯುತ್ತದೆ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಒಮ್ಮೆ ಹೋಗಿ ಅಲ್ಲಿನ ಗ್ರಂಥಾಲಯ ನೋಡಿಬನ್ನಿ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಕೆಲಸಗಾರರಿಗೆ ಹಾಕುವ ಸುರಕ್ಷತೆಯ ಬೋರ್ಡುಗಳ ಕನ್ನಡ ಎಷ್ಟೋ ಸಲ ಓದಿದರೂ ಅರ್ಥವಾಗುವುದಿಲ್ಲ. ಅರ್ಥವಾಗುವ ಹಾಗೆ ಬರೆದುಕೊಡುತ್ತೇನೆ ಎಂದು ಒಂದು ಅರ್ಜಿ ಹಿಡಿದು ಹೋದರೆ ಗೇಟಿನಲ್ಲಿ ತಡೆಯಬಹುದು. ಎರಡನೇ ಸಲ ಹೋಗಿ.

‘ಮನೆಯಲ್ಲೇ ಕೂತು ಇಂಗ್ಲಿಷ್ ಟೈಪ್ ಮಾಡಿ, ಮೊದಲು ಇಷ್ಟು ಡಿಪಾಸಿಟ್ ಕಟ್ಟಿ’ ಎಂದು ಮೊಬೈಲಿಗೆ ಬರುತ್ತದಲ್ಲ, ಅದಕ್ಕೆ ಮಾತ್ರ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕೆಲಸ ಕೊಡುವವನು ದುಡ್ಡು ಕೊಡುತ್ತಾನೆ, ಕೇಳುವುದಿಲ್ಲ.

ಮೇಷ್ಟ್ರ ಕೆಲಸ ಬೇಡವೆಂದು ನಾನು ಹೇಳುತ್ತಿಲ್ಲ. ನನಗೆ ಅನ್ನ ಹಾಕಿದ್ದು ಅದೇ. ಅರ್ಜಿಯನ್ನೂ ಹಾಕಿ, ಕಾಯುವ ವರ್ಷಗಳನ್ನು ಮಾತ್ರ ಖಾಲಿ ಬಿಡಬೇಡಿ.

ಬರುವ ಭಾನುವಾರ ಇಬ್ಬರೂ ಬನ್ನಿ. ಹುಲ್ಲಹಳ್ಳಿಯವಳು ತನ್ನ ಅಜ್ಜಿಯಿಂದ ಒಂದು ಕಥೆ ಕೇಳಿ, ಅವರು ಹೇಳಿದ ಮಾತಿನಲ್ಲೇ, ತಿದ್ದದೆ ಬರೆದುಕೊಂಡು ಬರಲಿ. ಬನ್ನೂರಿನವನು ಮನೆಯ ಯಾವುದಾದರೂ ಹಳೆಯ ಕಾಗದದ ಒಂದು ಪುಟ ತರಲಿ. ಅಪ್ಪ ಕೊಡದಿದ್ದರೆ ಜೆರಾಕ್ಸ್ ಸಾಕು. ಆ ಹಳೆಯ ಕ್ರಯಪತ್ರದ ನನ್ನ ಅನುವಾದ, ವಕೀಲರು ಕೆಂಪು ಶಾಯಿಯಲ್ಲಿ ‘ಪಿಟ್’ ಹೊಡೆದು ‘ಸ್ಟ್ರೀಮ್’ ಎಂದು ಬರೆದದ್ದು, ಇನ್ನೂ ನನ್ನ ಟ್ರಂಕಿನಲ್ಲಿದೆ. ತೆಗೆದಿಟ್ಟಿರುತ್ತೇನೆ. ಹತ್ತು ಗಂಟೆಯೊಳಗೆ ಬಂದರೆ ತಿಂಡಿ ಇಲ್ಲೇ.